ನನ್ನ ಉತ್ತರ ಮಾತ್ರ ಯಾಕೆ ಅರ್ಧ ಬರುತ್ತಿತ್ತು?

25 ಮಿಲಿಲೀಟರ್, 0.10 ಮೋಲಾರ್ (ಅಂದರೆ ಲೀಟರಿಗೆ 0.10 ಮೋಲ್; ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ) ಸಲ್ಫ್ಯೂರಿಕ್ ಆಮ್ಲವನ್ನು ಪೂರ್ತಿ ತಟಸ್ಥಗೊಳಿಸಲು 0.20 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಬೇಕು? ನನಗೆ ಪ್ರತಿ ಸಲ 12.5 ಮಿಲಿಲೀಟರ್, ಪುಸ್ತಕದಲ್ಲಿ 25. ಅಚ್ಚಿನ ತಪ್ಪಿರಬೇಕು ಅಂದುಕೊಂಡು ಎರಡು ದಿನ ಹಾಯಾಗಿದ್ದೆ! ಹೈಡ್ರೋಕ್ಲೋರಿಕ್ ಆಮ್ಲದ ಲೆಕ್ಕಗಳೆಲ್ಲ ಸರಿ ಬರುತ್ತಿದ್ದರಿಂದ ಸೂತ್ರದ ಮೇಲೆ ಅನುಮಾನವೇ ಹುಟ್ಟಲಿಲ್ಲ.

ಎಡವಿದ್ದು ಅಲ್ಲೇ. 'ಎಂ1ವಿ1 = ಎಂ2ವಿ2' (ಎಂ ಅಂದರೆ ಮೋಲಾರ್ ಲೆಕ್ಕದ ಸಾಂದ್ರತೆ, ವಿ ಅಂದರೆ ದ್ರಾವಣದ ಗಾತ್ರ; 1 ಆಮ್ಲಕ್ಕೆ, 2 ಪ್ರತ್ಯಾಮ್ಲಕ್ಕೆ) ಎಂದು ಕಣ್ಣುಮುಚ್ಚಿ ಹಾಕುತ್ತಿದ್ದೆ. ಆಮ್ಲ, ಪ್ರತ್ಯಾಮ್ಲ 1:1 ಅನುಪಾತದಲ್ಲಿ ವರ್ತಿಸುವಾಗ ಮಾತ್ರ ಅದು ನಡೆಯುತ್ತದೆ. ಸಲ್ಫ್ಯೂರಿಕ್ ಆಮ್ಲದ ಒಂದು ಮೋಲ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಎರಡು ಮೋಲ್ ಬೇಕು.

ಈಗ ಮೊದಲು ಸರಿದೂಗಿಸಿದ ಸಮೀಕರಣ, ಆಮೇಲೆ ಮೋಲ್: 0.025 ಲೀಟರ್ × 0.10 = 0.0025 ಮೋಲ್ ಆಮ್ಲ. ಅದರ ಇಮ್ಮಡಿ, 0.0050 ಮೋಲ್ ಪ್ರತ್ಯಾಮ್ಲ. 0.20ರಿಂದ ಭಾಗಿಸಿದರೆ 0.025 ಲೀಟರ್, ಅಂದರೆ 25 ಮಿಲಿಲೀಟರ್.