ರೀಕಿನ್ ಬೆಟ್ಟದಲ್ಲಿ ಕೋಟೆಯನ್ನು ಗುರುತಿಸುವ ಬಗೆ

ಕೋಟೆಯೆಂದೊಡನೆ ಚಿತ್ರದುರ್ಗದ ಕಲ್ಲಿನ ಸುತ್ತುಗಳು ಕಣ್ಣಿಗೆ ಕಟ್ಟುವ ನಮ್ಮವರು, ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರುವ 407 ಮೀಟರ್ ಎತ್ತರದ ರೀಕಿನ್ ಬೆಟ್ಟವನ್ನು ಹತ್ತಿ, ತುದಿಯ ಪ್ರಸಾರ ಗೋಪುರವನ್ನು ನೋಡಿ, ಕೋಟೆ ಎಲ್ಲಿತ್ತೆಂದು ಕೇಳುತ್ತ ಇಳಿದುಬಂದರೆ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಅವರು ಅದರ ಎರಡು ಬಾಗಿಲುಗಳನ್ನು ದಾಟಿಯೇ ಹೋಗಿರುತ್ತಾರೆ.

ಕಬ್ಬಿಣ ಯುಗದ ಈ ಕೋಟೆ ಸುಮಾರು 20 ಎಕರೆಯಷ್ಟಿದ್ದು, ಕಾರ್ನೋವಿ ಎಂಬ ಬುಡಕಟ್ಟಿನ ನೆಲೆಯಾಗಿತ್ತೆಂದು ನಂಬಲಾಗಿದೆ. ಇಲ್ಲಿ ಹುಡುಕಬೇಕಾದದ್ದು ಗೋಡೆಯನ್ನಲ್ಲ, ಏರಿಯನ್ನು. ಹಳೆಯ ಕೆರೆಯೊಂದರ ಏರಿ ನೀರು ಬತ್ತಿದ ಮೇಲೂ ಹೇಗೆ ಹುಲ್ಲು ಹೊದ್ದು ಮಲಗಿರುತ್ತದೆಯೋ, ಈ ದಿಬ್ಬಗಳೂ ಹಾಗೆಯೇ ಬೆಟ್ಟದ ಮೈಗೆ ಅಂಟಿಕೊಂಡಿವೆ. ಎಲೆ ಉದುರಿ ಜರೀಗಿಡಗಳು ಒಣಗಿದ ಚಳಿಗಾಲದಲ್ಲಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗುವುದು ಉತ್ತಮ. ಆಗ ಏರಿಯ ನೆರಳೇ ಅದರ ಗೆರೆಯನ್ನು ತೋರಿಸಿಕೊಡುತ್ತದೆ.

ಬೆಟ್ಟದ ಬುಡದ ಫಾರೆಸ್ಟ್ ಗ್ಲೆನ್ ಕಡೆಯಿಂದ ಕಾಡಿನೊಳಗೆ ಹೊರಟ ದಾರಿ ಹಾಫ್‌ವೇ ಹೌಸ್ ಎಂಬ ಹಳೆಯ ಮನೆಯನ್ನು ಹಾದು ಏರುತ್ತದೆ. ಅಲ್ಲಿಯವರೆಗೆ ಉಸಿರಿನ ಮೇಲೆ ಗಮನವಿದ್ದರೆ ಸಾಕು. ಆಮೇಲೆ ಸಿಗುವ ಹೆಲ್ ಗೇಟ್, ಅಂದರೆ ನರಕದ್ವಾರದಲ್ಲಿ, ಮುಂದಕ್ಕೆ ನೋಡದೆ ನಿಂತು ಎಡಬಲಕ್ಕೆ ತಿರುಗಬೇಕು. ದಾರಿ ಸೀಳಿಕೊಂಡು ಹೋದ ಎರಡೂ ಬದಿಯಲ್ಲಿ ನೆಲ ಸಹಜವಲ್ಲದ ರೀತಿಯಲ್ಲಿ ಉಬ್ಬಿ ಇಳಿಜಾರಿಗೆ ಅಡ್ಡಲಾಗಿ ಸಾಗುವುದು ಕಂಡರೆ, ಅದೇ ಹೊರಸುತ್ತು. ಇನ್ನೂ ಮೇಲಿನ ಹೆವನ್ ಗೇಟ್, ಸ್ವರ್ಗದ್ವಾರದಲ್ಲಿ, ಏರಿಯ ತುದಿಗಳು ಬಾಗಿಲ ಬಳಿ ನಿಲ್ಲದೆ ಒಳಮುಖವಾಗಿ ಬಾಗಿವೆ; ನುಗ್ಗಿಬಂದವರನ್ನು ಓಣಿಯಂಥ ಇಕ್ಕಟ್ಟಿಗೆ ಸಿಕ್ಕಿಸಿ ಎರಡೂ ಕಡೆಯಿಂದ ಹೊಡೆಯುವ ಉಪಾಯವಿದು. ನನ್ನ ಮಟ್ಟಿಗೆ, ಇಡೀ ಬೆಟ್ಟದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ತುದಿಯಲ್ಲ, ಇದು.

ತುದಿಯಿಂದ ಪಶ್ಚಿಮದ ಬಯಲಿನತ್ತ ನೋಡಿದರೆ ಸೆವರ್ನ್ ನದಿಯ ಬಳಿ ರಾಕ್ಸಿಟರ್ ಎಂಬ ಹಳ್ಳಿ ಇದೆ. ಕಾರ್ನೋವಿಗಳ ಹೆಸರನ್ನೇ ಹೊತ್ತ ವಿರೊಕೋನಿಯಂ ಕಾರ್ನೋವಿಯೋರಂ ಎಂಬ ರೋಮನ್ ಪಟ್ಟಣ ಎದ್ದದ್ದು ಅಲ್ಲಿ. 1939ರಲ್ಲಿ ಈ ಬೆಟ್ಟದ ಮೇಲೆ ಉತ್ಖನನ ಮಾಡಿದವರು ಮುಂದೆ ಜೆರಿಕೋ ಎಂಬ ಪ್ರಾಚೀನ ನಗರದ ಉತ್ಖನನದಿಂದ ಪ್ರಸಿದ್ಧರಾದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್.

ಏರಿಗಳ ಮೇಲೆ ಅಡ್ಡದಾರಿ ಹಿಡಿದು ಇಳಿಯಬಾರದು. ಮಣ್ಣು ಒಮ್ಮೆ ಜರಿದರೆ ಮಳೆ ಉಳಿದದ್ದನ್ನು ಕೊಚ್ಚುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. ಇಳಿಯುವಾಗ ಬಂದ ದಾರಿಯಲ್ಲೇ ಬನ್ನಿ: ಹತ್ತುವಾಗ ತಪ್ಪಿಹೋದ ಏರಿ, ಮೇಲಿನಿಂದ ನೋಡಿದಾಗ ಸಿಗುವುದೇ ಹೆಚ್ಚು.