ನಿಂಬೆ, ಕಿತ್ತಳೆ ತೋಟದ ಕೀಟ: ಮೊದಲು ಚಿಗುರು ನೋಡಿ, ಆಮೇಲೆ ಔಷಧಿ

ನಿಂಬೆ, ಕಿತ್ತಳೆ, ಮೂಸಂಬಿ ಯಾವುದೇ ಇರಲಿ, ಹೆಚ್ಚಿನ ಕೀಟಗಳು ಮೊದಲು ಬಂದು ಕೂರುವುದು ಎಳೆ ಚಿಗುರಿನ ಮೇಲೆ. ಹಾಗಾಗಿ ತಿಂಗಳಿಗೊಮ್ಮೆ ಸುಮ್ನೆ ಔಷಧಿ ಹೊಡೆಯುವ ಅಭ್ಯಾಸ ಬಿಡಿ. ಚಿಗುರು ಬರುವ ಸಮಯದಲ್ಲಿ ವಾರಕ್ಕೊಮ್ಮೆ ತೋಟ ಸುತ್ತಿ, ಅಂಚಿನ ಸಾಲುಗಳನ್ನು ತಪ್ಪದೆ ನೋಡಿ. ಕೈಯಲ್ಲೊಂದು ಭೂತಗನ್ನಡಿ ಇದ್ದರೆ ಸಾಕು.

ಎಲ್ಲಕ್ಕಿಂತ ಜಾಸ್ತಿ ಭಯಪಡಬೇಕಾದದ್ದು ಸಿಲ್ಲಾ ಕೀಟಕ್ಕೆ. ಎಲೆ ಹಳದಿಯಾಗಿ ಗಿಡ ಸೊರಗುವ ಗ್ರೀನಿಂಗ್ ರೋಗ ಹರಡುವುದು ಇದೇ, ಮತ್ತು ಆ ರೋಗ ಬಂದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು, ಕೋಲಿನಿಂದ ಮೂರು ಸಲ ತಟ್ಟಿ. 3-4 ಮಿಲಿಮೀಟರ್ ಉದ್ದದ ಕಂದು ಮಚ್ಚೆಯ ಕೀಟಗಳು ಬೀಳುತ್ತವೆಯಾ ನೋಡಿ. ಎಲೆ ಮೇಲೆ ಕೂತಾಗ ಇದು ತಲೆ ತಗ್ಗಿಸಿ ಹಿಂಭಾಗ ಎತ್ತಿಕೊಂಡು ಓರೆಯಾಗಿ ನಿಲ್ಲುತ್ತದೆ, ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಮಡಚಿದ ಎಳೆ ಎಲೆ ಬಿಡಿಸಿದರೆ ಹಳದಿ ಮೊಟ್ಟೆ, ಬಿಳಿ ಮೇಣದ ಎಳೆ ಬಿಡುವ ಮರಿಗಳು ಕಾಣಿಸುತ್ತವೆ.

ರಂಗೋಲಿ ಹುಳು ಬೇರೆ ಥರ. ಎಲೆಯೊಳಗೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ ಬಿದ್ದ ಮೇಲೆ ಔಷಧಿ ಹೊಡೆದು ಹೆಚ್ಚಿನ ಪ್ರಯೋಜನವಿಲ್ಲ. ದೊಡ್ಡ ಮರಗಳು ಇದನ್ನು ತಡೆದುಕೊಳ್ಳುತ್ತವೆ, ಆ ಎಲೆಗಳನ್ನು ಕೀಳಲೂ ಬೇಡಿ, ಉಳಿದ ಹಸಿರು ಗಿಡಕ್ಕೆ ಇನ್ನೂ ಅನ್ನ ಮಾಡುತ್ತಿರುತ್ತದೆ. ಎಳೆ ಸಸಿಗಳಿಗೆ ಮಾತ್ರ ಚಿಗುರು ಸಣ್ಣದಿರುವಾಗಲೇ ಬೇವಿನ ಎಣ್ಣೆ ಸಿಂಪಡಿಸಿ. ನಿಂಬೆ ಚಿಟ್ಟೆಯ ಹುಳು ಹಕ್ಕಿ ಹಿಕ್ಕೆಯ ಹಾಗೆ ಇರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಕೈಯಲ್ಲೇ ಆರಿಸಿ ತೆಗೆಯಿರಿ.

ಎಲೆ ಮೇಲೆ ಕಪ್ಪು ಬೂಷ್ಟು ಕಂಡರೆ ಮೇಲಿನ ಕೊಂಬೆ ನೋಡಿ. ಅಲ್ಲಿ ಗಿಡಹೇನು, ಹಿಟ್ಟು ತಿಗಣೆ ಅಥವಾ ಶಲ್ಕ ಕೀಟ (ಕೊಂಬೆಗೆ ಚಿಪ್ಪಿನಂತೆ ಅಂಟಿಕೊಂಡು ರಸ ಹೀರುವ ಕೀಟ) ಸಿಹಿ ಅಂಟು ಸುರಿಸುತ್ತಿರುತ್ತವೆ, ಆ ಸಿಹಿಗಾಗಿ ಇರುವೆಗಳು ಬಂದು ಅವುಗಳ ಶತ್ರುಗಳನ್ನು ಓಡಿಸುತ್ತಿರುತ್ತವೆ. ಇರುವೆಯನ್ನು ತಡೆದರೆ ಅರ್ಧ ಕೆಲಸ ಮುಗಿದಂತೆ. ನೆಲಕ್ಕೆ ತಾಗುವ ಕೊಂಬೆ ಕತ್ತರಿಸಿ, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ. ನೇರ ತೊಗಟೆಗೆ ಬಳಿಯಬೇಡಿ.

ಗಿಡಹೇನಿನ ನಡುವೆ ಉಬ್ಬಿದ ಕಂದು ಚಿಪ್ಪು ಕಂಡರೆ ಖುಷಿಪಡಿ, ಒಳಗೆ ಗಿಡಹೇನನ್ನೇ ತಿಂದು ಸಾಯಿಸುವ ಪರಾವಲಂಬಿ ಕಣಜ ಬೆಳೆಯುತ್ತಿದೆ. ಅದನ್ನು ಸಾಯಿಸಬಾರದು ಅಲ್ವಾ? 1888-89ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿ ಶಲ್ಕ ಕೀಟದಿಂದ ಉಳಿಸಿದ್ದು ಆಸ್ಟ್ರೇಲಿಯಾದಿಂದ ತಂದ ವೆಡಾಲಿಯಾ ಗುಲಗಂಜಿ ಹುಳು. ಮುಂದೆ 1940ರ ದಶಕದಲ್ಲಿ ಡಿಡಿಟಿ ಕೀಟನಾಶಕ ಹೊಡೆದಾಗ ಆ ಗುಲಗಂಜಿ ಹುಳುಗಳು ಸತ್ತು ಅದೇ ಶಲ್ಕ ಕೀಟ ಮತ್ತೆ ಎದ್ದು ಬಂತು.

ಎಣ್ಣೆ ಸಿಂಪಡಿಸುವುದಾದರೆ ತಂಪು ಹೊತ್ತಿನಲ್ಲಿ, ಎಲೆಯ ಅಡಿಭಾಗ ನೆನೆಯುವ ಹಾಗೆ ಹೊಡೆಯಿರಿ. ನೀರಿಲ್ಲದೆ ಬಾಡಿದ ಗಿಡಕ್ಕೆ ಬೇಡ, ಗಂಧಕ ಹೊಡೆದ ಎರಡು ಮೂರು ವಾರದೊಳಗೂ ಬೇಡ, ಎಲೆ ಸುಡುತ್ತದೆ. ಹೂ ಇರುವಾಗ ಜೇನುನೊಣಕ್ಕೆ ವಿಷವಾಗುವ ಯಾವುದನ್ನೂ ಮುಟ್ಟಬೇಡಿ. ಸಿಲ್ಲಾಗೆ ರಾಸಾಯನಿಕ ಬೇಕೇ ಆದರೆ ಒಂದೇ ಗುಂಪಿನ ಔಷಧಿಯನ್ನು ಪದೇ ಪದೇ ಬಳಸಬೇಡಿ, ಕೀಟ ಒಗ್ಗಿಕೊಳ್ಳುತ್ತದೆ. ನಡುನರದ ಎರಡೂ ಕಡೆ ಹೊಂದಿಕೆಯಿಲ್ಲದ ಹಳದಿ ಮಚ್ಚೆ ಕಂಡ ಗಿಡವನ್ನು ಪರೀಕ್ಷೆ ಮಾಡಿಸಿ. ಗ್ರೀನಿಂಗ್ ಅಂತ ಖಚಿತವಾದರೆ ಗಿಡ ಕಡಿಯುವ ಮುಂಚೆ ಅದರ ಮೇಲಿನ ಸಿಲ್ಲಾ ಸಾಯಿಸಿ, ಇಲ್ಲದಿದ್ದರೆ ಕೊಂಬೆ ಅಲುಗಿದ ಕೂಡಲೇ ಅವು ಪಕ್ಕದ ಗಿಡಕ್ಕೆ ಹಾರುತ್ತವೆ.