ಲಗ್ನಪತ್ರಿಕೆ ಹಿಂದೆ ಬರೆದು ಮಾರ್ಟಿನ್ ಭವಿಷ್ಯವಾಣಿ ಬಿಡಿಸಿದ್ದು

ಟಿವಿಯ ‘ಗೇಮ್ ಆಫ್ ಥ್ರೋನ್ಸ್’ಗೆ ಮೂಲವಾದ ಕಾದಂಬರಿ ಸರಣಿ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಓದಿದವರಲ್ಲಿ ಒಂದಾದರೂ ಭವಿಷ್ಯವಾಣಿಗೆ ಅರ್ಥ ಹೇಳದವರು ಸಿಗುವುದು ಕಷ್ಟ. ಮರಳಿ ಹುಟ್ಟುತ್ತಾನೆ ಅನ್ನುವ ಪುರಾಣದ ವೀರ ಅಜೋರ್ ಅಹಾಯ್ ಯಾರಾಗಿ ಹುಟ್ಟಿದ್ದಾನೆ? ರಾಣಿ ಸೆರ್ಸಿಯ ಕತ್ತು ಹಿಸುಕುತ್ತಾನೆ ಅನ್ನುವ ತಮ್ಮ ಟಿರಿಯನ್ನೋ, ಜೇಮಿಯೋ? ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದಕ್ಕೆ ಇನ್ನೂ ಕಾಯುತ್ತಲೇ ಇದ್ದೇವೆ. ಹಾಗಾಗಿ ಯಾರು ಏನು ಹೇಳಿದರೂ ನಡೆಯುತ್ತದೆ. ತಪ್ಪು ಅಂತ ತೋರಿಸಲು ಪುಸ್ತಕವೇ ಇಲ್ಲವಲ್ಲ.

ನಾನು ಮೊದಲಿನಿಂದ ಹೇಳುತ್ತಿದ್ದದ್ದು ಒಂದೇ ಮಾತು. ನಡೆಯದೆ ಉಳಿದವನ್ನು ಬದಿಗಿಡಿ. ಆಗಲೇ ನಡೆದುಹೋದ ಭವಿಷ್ಯವಾಣಿಗಳನ್ನು ಬಿಚ್ಚಿ ನೋಡಿ. ಜಾರ್ಜ್ ಆರ್. ಆರ್. ಮಾರ್ಟಿನ್ ಕೈ ಹೇಗೆ ಓಡುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಹುಬ್ಬಳ್ಳಿಯ ನಮ್ಮ ಚಹಾ ಗುಂಪಿನ ಐದಾರು ಜನರೂ ಇದಕ್ಕೆ ನಕ್ಕರು. ‘ನಡೆದ ಮ್ಯಾಲೆ ಅರ್ಥ ಹೇಳೋದು ಯಾರಿಗೆ ಬರೂದಿಲ್ರೀ ಸರ?’ ಅಂದರು. ಅವರಿಗೆ ಉತ್ತರ ಕೊಡಲು ಎರಡು ವರ್ಷದ ಹತ್ತಿರ ಹಿಡಿಯಿತು. ಈಗ ಕೊಟ್ಟಾಗಿದೆ.

ಹಣ ಎಲ್ಲಿ ಹೋಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಸಿಕ್ಕ ಕಳ್ಳಪ್ರತಿಗಳಿಂದ ಶುರುವಾಯಿತು. ಒಂದಕ್ಕೆ ನೂರೈವತ್ತೋ ಇನ್ನೂರೋ. ಮೂರನೇ ಪುಸ್ತಕದಲ್ಲಿ ಒಂದು ಕಡೆ ಇಪ್ಪತ್ತು ಮೂವತ್ತು ಪುಟ ಮಾಯ, ಇನ್ನೊಂದು ಕಡೆ ಅಷ್ಟೇ ಪುಟಗಳು ಎರಡೆರಡು ಸಲ. ಕೊನೆಗೆ ಏಳು ಸಂಪುಟದ ಬಾಕ್ಸ್ ಸೆಟ್ ತಗೊಂಡೆ, ಎರಡೂವರೆ ಸಾವಿರದ ಆಸುಪಾಸು. ಪುಸ್ತಕ ಇರುವುದು ಐದೇ. ನಮ್ಮಲ್ಲಿ ಸಿಗುವ ಪೇಪರ್‌ಬ್ಯಾಕ್‌ನಲ್ಲಿ ಮೂರನೆಯದನ್ನೂ ಐದನೆಯದನ್ನೂ ಎರಡೆರಡು ಭಾಗ ಮಾಡಿದ್ದಾರೆ. ಈ ಕತ್ತರಿಯೇ ಮುಂದೆ ನನ್ನ ಕೈಹಿಡಿಯಿತು. 2014ರ ‘ದಿ ವರ್ಲ್ಡ್ ಆಫ್ ಐಸ್ ಆ್ಯಂಡ್ ಫೈರ್’ಗೆ ಇನ್ನೊಂದು ಸಾವಿರದ ಮೇಲೆ. ಚಿತ್ರಗಳು ಚೆಂದ. ನನ್ನ ಕೆಲಸಕ್ಕೆ ಬಂದದ್ದು ನಾಲ್ಕೈದು ಪುಟ.

ಆಮೇಲೆ ಎಕ್ಸೆಲ್ ಹುಚ್ಚು. ಇ-ಬುಕ್‌ನಲ್ಲಿ ಕನಸು, ರಕ್ತ, ನೆರಳು ಅಂತ ಹುಡುಕಿ, ಬಂದ ಸಾಲುಗಳನ್ನೆಲ್ಲ ಸುರಿದೆ. ಮಾರ್ಟಿನ್ ಪುಸ್ತಕದಲ್ಲಿ ರಕ್ತ ಹುಡುಕುವುದು ಅಂದರೆ ಅಡುಗೆ ಪುಸ್ತಕದಲ್ಲಿ ಉಪ್ಪು ಹುಡುಕಿದ ಹಾಗೆ. ಫೈಲ್ ತೆರೆಯಲಿಕ್ಕೇ ನನ್ನ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಅದನ್ನು ಬಿಟ್ಟು ಆರಡಿ ಅಗಲದ ಫ್ಲೆಕ್ಸ್ ಮಾಡಿಸಿದೆ, ಯಾರ ಭವಿಷ್ಯ ಯಾರಿಗೆ ಅಂತ ಬಾಣಗಳ ಸಮೇತ. ನಾನೂರು ಚಿಲ್ಲರೆ. ತಿಂಗಳೊಳಗೆ ಅರ್ಧ ಬಾಣ ತಿರುಗಿಸಬೇಕಾಯಿತು. ಫ್ಲೆಕ್ಸ್ ಮೇಲೆ ಅಳಿಸೋಕಾಗುತ್ತಾ? ಈಗ ಅದು ಮಳೆಗಾಲದಲ್ಲಿ ಸ್ಕೂಟರ್ ಮುಚ್ಚುತ್ತದೆ.

ಕಡೆಗೆ ಕೆಲಸಕ್ಕೆ ಬಂದದ್ದು ಮನೆಯಲ್ಲಿ ಕಟ್ಟಿಟ್ಟಿದ್ದ ಹಳೇ ಲಗ್ನಪತ್ರಿಕೆಗಳು. ಗಟ್ಟಿ ಕಾಗದ, ಹಿಂದೆ ಖಾಲಿ, ಬಿಟ್ಟಿ. ಒಂದು ಪತ್ರಿಕೆಗೆ ಒಂದು ಭವಿಷ್ಯವಾಣಿ. ಮೇಲೆ ನಾಲ್ಕು ಸಾಲು: ಯಾರು ನುಡಿದರು, ಯಾರು ಕೇಳಿದರು, ಕೇಳಿದವರಿಗೆ ಏನು ಬೇಕಿತ್ತು, ಕಂಡ ಚಿತ್ರ ಏನು. ಐದನೇ ಸಾಲೂ ಒಂದಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಗುಂಪಿನವರೂ ಇದನ್ನು ಓದುತ್ತಾರೆ.

ಮೂರನೇ ಸಾಲಿನ ಬೆಲೆ ತಿಳಿಯಬೇಕಾದರೆ ಎರಡನೇ ಪುಸ್ತಕದ ಕೆಂಪು ಧೂಮಕೇತು ನೋಡಿ. ಆಕಾಶದಲ್ಲಿ ಇರುವುದು ಒಂದೇ. ಉತ್ತರದ ಸರದಾರ ಗ್ರೇಟ್‌ಜಾನ್‌ಗೆ ಅದು ಒಡೆಯ ನೆಡ್ ಸ್ಟಾರ್ಕ್ ಸಾವಿನ ಸೇಡಿನ ಬಾವುಟ. ಎಡ್ಮ್ಯೂರ್‌ಗೆ ತನ್ನದೇ ಟಲ್ಲಿ ಮನೆತನದ ಮೀನು, ಗೆಲುವಿನ ಗುರುತು. ಮುದುಕಿ ನ್ಯಾನ್‌ಗೆ ಡ್ರ್ಯಾಗನ್. ಡ್ರ್ಯಾಗನ್‌ಗಳ ಒಡತಿ ಡೆನೇರಿಸ್‌ಗೆ ದಾರಿ ತೋರುವ ದೀಪ. ಒಬ್ಬೊಬ್ಬರೂ ತಮಗೆ ಬೇಕಾದದ್ದನ್ನೇ ಕಂಡರು. ನಾನು ಹಡಗಲಿ ಕಡೆಯವನು, ನನಗೆ ಇದು ಹೊಸದಲ್ಲ. ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರ್ಣಿಕ ನುಡಿದು ಬೀಳುತ್ತಾರೆ. ಸುಮ್ನೆ ಒಂದು ವರ್ಷ ಅದನ್ನೂ ಪತ್ರಿಕೆ ಹಿಂದೆ ಬರೆದುಕೊಂಡು ಊರಲ್ಲಿ ಒಂದಷ್ಟು ಜನರನ್ನು ಕೇಳಿದೆ. ಹೊಲ ಇದ್ದವರು ಮಳೆ ಅಂದರು. ಪಂಚಾಯ್ತಿಗೆ ನಿಂತು ಸೋತವರು ಸರ್ಕಾರ ಬೀಳುತ್ತೆ ಅಂದರು. ಅಂಗಡಿಯವರೊಬ್ಬರು ಮೆಣಸಿನಕಾಯಿ ರೇಟು ಅಂದರು. ಆವತ್ತಿನಿಂದ ಪುಸ್ತಕದೊಳಗಿನ ಪಾತ್ರ ಹೇಳುವ ಅರ್ಥವನ್ನು ನಾನು ಸೀದಾ ಬದಿಗಿಡುತ್ತೇನೆ. ಸಿಂಹಾಸನಕ್ಕೆ ಹೋರಾಡುವ ಸ್ಟ್ಯಾನಿಸ್‌ನೇ ಅಜೋರ್ ಅಹಾಯ್ ಅಂತ ಪೂಜಾರಿಣಿ ಮೆಲಿಸಾಂಡ್ರೆ ಹೇಳುವುದನ್ನಂತೂ ಮೊದಲು.

ನಾಲ್ಕನೇ ಸಾಲಿಗೆ ಮುಂದಾಗುವುದನ್ನು ಕನಸಲ್ಲಿ ಕಾಣುವ ಹುಡುಗ ಜೋಜೆನ್ ರೀಡ್ ಕನಸುಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಸ್ಟಾರ್ಕ್‌ಗಳ ಕೋಟೆ ವಿಂಟರ್‌ಫೆಲ್‌ಗೆ ಸಮುದ್ರ ನುಗ್ಗಿದ ಹಾಗೆ ಅವನು ಕಾಣುತ್ತಾನೆ. ಕೋಟೆಯ ಕಾವಲುಗಾರ ಏಲ್‌ಬೆಲ್ಲಿ ಮುಳುಗಿ ಸಾಯುವ ಭಯಕ್ಕೆ ಸ್ನಾನವನ್ನೇ ಬಿಡುತ್ತಾನೆ. ಬಂದದ್ದು ನೀರಲ್ಲ, ಸಮುದ್ರದ ಜನ. ಏಲ್‌ಬೆಲ್ಲಿ ಅವರ ಕೈಯಲ್ಲೇ ಸತ್ತ. ಇದು ಎಲ್ಲರಿಗೂ ನೆನಪಿರುತ್ತದೆ. ಊಟದ ಕನಸು ಮಾತ್ರ ಬಹಳ ಜನಕ್ಕೆ ಮರೆತೇ ಹೋಗಿರುತ್ತದೆ. ಕೋಟೆಯ ಪಂಡಿತ ಮೇಸ್ಟರ್ ಲುವಿನ್ ನೆಡ್ ಮಗ ಬ್ರಾನ್‌ಗೆ ಒಳ್ಳೆಯ ಮಾಂಸ ಬಡಿಸುತ್ತಾನೆ, ಅಲ್ಲೇ ಇದ್ದ ಫ್ರೇ ಮನೆತನದ ಹುಡುಗರಿಗೆ ಹಳಸಿದ ಬೂದು ಮಾಂಸ. ಆದರೂ ಆ ಹುಡುಗರೇ ಜಾಸ್ತಿ ಖುಷಿಪಡುತ್ತಾರೆ. ಆಮೇಲೆ ಲುವಿನ್ ತಂದದ್ದು ಸುದ್ದಿ. ಬ್ರಾನ್‌ಗೆ ಅಣ್ಣ ರಾಬ್ ಯುದ್ಧ ಗೆದ್ದ ಸುದ್ದಿ, ಫ್ರೇ ಹುಡುಗರಿಗೆ ತಮ್ಮ ಮನೆತನದ ವಾರಸುದಾರ ಸ್ಟೆವ್ರನ್ ಸತ್ತ ಸುದ್ದಿ. ಮನೆತನದ ಸಾಲಿನಲ್ಲಿ ಒಂದು ಮೆಟ್ಟಿಲು ಮೇಲೇರಿದೆವು ಅಂತ ಅವರಿಗೆ ಕುಣಿದಾಟ. ಇಷ್ಟು ಸಣ್ಣ ವಿಷಯಕ್ಕೂ ಕನಸು ಬೀಳುತ್ತದೆ ಈ ಲೋಕದಲ್ಲಿ! ನಾವು ಎಲ್ಲದರಲ್ಲೂ ಜಗತ್ತಿನ ಅಂತ್ಯ ಹುಡುಕುತ್ತಾ ಕೂತಿರುತ್ತೇವೆ.

ನಡೆದವನ್ನೆಲ್ಲ ಹೀಗೆ ಬರೆದು ಹಾಕಿದಾಗ ಒಂದು ಜಾಡು ಕಂಡಿತು. ಚಿತ್ರದಲ್ಲಿರುವ ಪ್ರಾಣಿ ಹೆಚ್ಚಿನ ಸಲ ಯಾರದೋ ಮನೆತನದ ಲಾಂಛನ. ಉಳಿದದ್ದು ಕೈಗೆ ಸಿಗುವ ವಸ್ತು. ಆ ವಸ್ತುವನ್ನು ಮಾರ್ಟಿನ್ ನೂರಾರು ಪುಟ ಮುಂಚೆಯೇ ಬಣ್ಣ ಸಮೇತ ತೋರಿಸಿರುತ್ತಾರೆ. ಇನ್ನೊಂದು, ತಪ್ಪಿಸಿಕೊಳ್ಳಲು ಹೋದವರು ಸಿಕ್ಕಿಬೀಳುವುದು ಜಾಸ್ತಿ.

ಈ ಕೊನೆಯದರ ಬೇರು ಇಂಗ್ಲೆಂಡಿನ ಇತಿಹಾಸದಲ್ಲೇ ಇದೆ. ಅಲ್ಲಿ ಸಿಂಹಾಸನಕ್ಕಾಗಿ ಎರಡು ಮನೆತನ ಕಾದಾಡಿದ ವಾರ್ಸ್ ಆಫ್ ದಿ ರೋಸಸ್ ಈ ಕಥೆಗೆ ಪ್ರೇರಣೆ ಅಂತ ಎಲ್ಲರಿಗೂ ಗೊತ್ತು. ಅದರ ಮೊದಲ ಕಾಳಗ 1455ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ನಡೆಯಿತು. ಅಲ್ಲಿ ಸತ್ತ ಸಾಮರ್ಸೆಟ್ ಡ್ಯೂಕ್‌ಗೆ ಕೋಟೆಯ ಬಳಿ ಸಾವು ಅಂತ ಯಾರೋ ಹೇಳಿದ್ದರಂತೆ. ಕೋಟೆಗಳಿಂದ ದೂರವೇ ಇದ್ದನಂತೆ. ಬಿದ್ದದ್ದು ‘ಕ್ಯಾಸಲ್’ ಅನ್ನುವ ಹೆಸರಿನ ಛತ್ರದ ಮುಂದೆ. ಈ ಕಥೆ ಓದಿದ ದಿನ ಸೆರ್ಸಿ ಕಾರ್ಡ್ ತೆಗೆದು ಮತ್ತೆ ಬರೆದೆ.

ಇನ್ನು ಪರೀಕ್ಷೆ. ಇದಕ್ಕೆ ಏನೂ ಗೊತ್ತಿಲ್ಲದ ಓದುಗರು ಬೇಕು. ಟಿವಿ ಸೀರಿಯಲ್ 2019ರಲ್ಲಿ ಮುಗಿದ ಮೇಲೆ ರೆಡ್ ವೆಡ್ಡಿಂಗ್, ಅಂದರೆ ಮದುವೆ ಊಟದಲ್ಲಿ ನಡೆಯುವ ಆ ಕಗ್ಗೊಲೆ, ಗೊತ್ತಿಲ್ಲದ ಮನುಷ್ಯ ಸಿಗುವುದೇ ಕಷ್ಟ. ಇಬ್ಬರು ಒಪ್ಪಿಕೊಂಡು ಮೊದಲ ಪುಸ್ತಕದ ನಡುವೆ ಕೈಬಿಟ್ಟರು. ಒಬ್ಬನಿಗೆ ಎಲ್ಲಾ ಗೊತ್ತಿತ್ತು, ನಾಟಕ ಮಾಡುತ್ತಿದ್ದ. ಕೊನೆಗೆ ಸಿಕ್ಕಿದ್ದು ಧಾರವಾಡದಲ್ಲಿ ಕಾನೂನು ಓದುವ ನಮ್ಮ ಅಕ್ಕನ ಮಗಳು. ಸೀರಿಯಲ್ ನೋಡಿಲ್ಲ, ಡ್ರ್ಯಾಗನ್ ಅಂದರೆ ಅಷ್ಟಕ್ಕಷ್ಟೆ. ‘ಮಾಮಾ, ಇದರಾಗ ಹೆಸರು ನೆನಪಿಟ್ಟುಕೊಳ್ಳೋದು ಐಪಿಸಿ ಸೆಕ್ಷನ್‌ಕಿಂತ ಕಷ್ಟ ಐತಿ’ ಅಂತ ಗೊಣಗುತ್ತಲೇ ಓದಿದಳು.

ಗುಂಪಿನ ಜೊತೆ ಕರಾರು ಹೀಗಿತ್ತು. ಅವಳಿಗೆ ನಡೆದ ಭವಿಷ್ಯವಾಣಿಗಳ ಕಾರ್ಡ್ ಮೊದಲ ಎರಡು ಪುಸ್ತಕದವು ಮಾತ್ರ. ಮೂರನೆಯದರ ಎರಡನೇ ಭಾಗ ನನ್ನ ಬೀರುವಿನಲ್ಲಿ ಬೀಗ ಹಾಕಿ ಇರಬೇಕು. ಆ ಭಾಗ ಕೊಡುವ ಮುಂಚೆ ಅವಳು ತನ್ನ ಊಹೆ ಬರೆದು, ತಾರೀಖು ಹಾಕಿ, ಕವರ್‌ಗೆ ಅಂಟು ಹಚ್ಚಿ ಗುಂಪಿನವರ ಕೈಗೆ ಕೊಡಬೇಕು. ಎರಡನೇ ಭಾಗದಲ್ಲಿ ಹೊಸ ಕನಸು ಬಂದರೆ ಅಲ್ಲೇ ನಿಲ್ಲಿಸಿ ಇನ್ನೊಂದು ಕವರ್. ಅರ್ಧಕ್ಕಿಂತ ಹೆಚ್ಚು ಸರಿ ಬಂದರೆ ನನಗೆ ‘ಫೈರ್ ಆ್ಯಂಡ್ ಬ್ಲಡ್’ ಗಟ್ಟಿ ರಟ್ಟಿನದು. ಇಲ್ಲದಿದ್ದರೆ ಎಲ್ಲರಿಗೂ ಮೂರು ತಿಂಗಳು ಗಿರ್ಮಿಟ್, ಚಹಾ ನನ್ನ ಲೆಕ್ಕ.

ಡೆನೇರಿಸ್‌ಗೆ ಅನ್‌ಡೈಯಿಂಗ್ ಅನ್ನುವ ಮಾಂತ್ರಿಕರ ಮನೆಯಲ್ಲಿ ಕಂಡ ಹೆಣಗಳ ಔತಣ ನೆನಪಿದೆಯಲ್ವಾ? ಸಿಂಹಾಸನದ ಮೇಲೆ ಸತ್ತ ರಾಜ, ತೋಳದ ತಲೆ, ಕೈಯಲ್ಲಿ ರಾಜದಂಡದ ಹಾಗೆ ಕುರಿಯ ತೊಡೆ. ಎರಡನೇ ಪುಸ್ತಕ ಬಂದದ್ದು 1998ರಲ್ಲಿ, ಉತ್ತರ ಸಿಕ್ಕಿದ್ದು 2000ದಲ್ಲಿ. ಅವಳು ಬರೆದದ್ದು: ತೋಳ ಅಂದರೆ ಸ್ಟಾರ್ಕ್, ರಾಜ ಅಂದರೆ ರಾಬ್, ಔತಣ ಔತಣವೇ, ಊಟಕ್ಕೆ ಕರೆದವರೇ ಕೊಲ್ಲುತ್ತಾರೆ. ಕರೆಯುವವರು ಯಾರು? ರಾಬ್ ಮದುವೆಯ ಮಾತು ಕೊಟ್ಟು ಮುರಿದ ಫ್ರೇಗಳು. ರಾಬ್ ಹೆಣಕ್ಕೆ ತೋಳದ ತಲೆಯನ್ನು ನಿಜವಾಗಿಯೇ ಹೊಲಿಯುತ್ತಾರೆ ಅಂತ ಪಾಪ ಅವಳು ಊಹಿಸಲಿಲ್ಲ. ಬಿಡಿ, ಅದನ್ನು ಯಾರು ಊಹಿಸುತ್ತಾರೆ? ಆ ಅಧ್ಯಾಯ ಮುಗಿಸಿ ರಾತ್ರಿ ಫೋನ್ ಮಾಡಿದಳು. ‘ಮಾಮಾ, ಇದನ್ನ ಬರೆದದ್ದು ಯಾರದೋ ಮದುವಿ ಕಾರ್ಡಿನ ಹಿಂದೆ ಅಲ್ಲೇನು? ಮೊದಲು ಅದನ್ನ ಸುಟ್ಟು ಬಿಡು’ ಅಂದಳು.

ನನಗೆ ಹೆಮ್ಮೆ ತಂದದ್ದು ಹೈ ಹಾರ್ಟ್ ಬೆಟ್ಟದ ಕುಳ್ಳ ಮುದುಕಿಯ ಕನಸು. ಔತಣದಲ್ಲಿ ಒಬ್ಬ ಕನ್ಯೆ, ಕೂದಲಲ್ಲಿ ನೇರಳೆ ಹಾವುಗಳು, ಹಲ್ಲಿನಿಂದ ಹನಿಯುವ ವಿಷ. ಹುಡುಗಿ ಓದಿದ ಪುಸ್ತಕಗಳಲ್ಲಿ ನೇರಳೆ ಬಣ್ಣ ಹುಡುಕಿದಳು. ಎರಡನೇ ಪುಸ್ತಕದ ಕೊನೆಯಲ್ಲಿ ವಿದೂಷಕ ಡೊಂಟೋಸ್ ರಾಬ್ ತಂಗಿ ಸಾನ್ಸಾಗೆ ಕೂದಲ ಬಲೆ ಕೊಡುತ್ತಾನೆ, ಕಲ್ಲುಗಳು ಕಡುನೇರಳೆ. ಅದೇ ಪುಸ್ತಕದ ಮೊದಲಲ್ಲಿ ಮೇಸ್ಟರ್ ಕ್ರೆಸನ್ ಬಳಿ ಇದ್ದ ಸ್ಟ್ರ್ಯಾಂಗ್ಲರ್ ಅನ್ನುವ ವಿಷದ ಹರಳೂ ನೇರಳೆ, ವೈನಿನಲ್ಲಿ ಕರಗುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ಅವಳು ಬರೆದಳು: ರಾಜನ ಮದುವೆಯಲ್ಲಿ ವಿಷ, ತರುವವಳು ಸಾನ್ಸಾ, ಅವಳಿಗೇ ಗೊತ್ತಿರುವುದಿಲ್ಲ. ಆ ರಾಜ ಜಾಫ್ರಿ ಸಾಯುವುದಕ್ಕೆ ಇನ್ನೂ ಬಹಳ ಪುಟ ಇತ್ತು! ಈ ಕವರ್ ಒಡೆದಾಗ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ನಕ್ಕಿದ್ದ ಮನುಷ್ಯ ಎದ್ದು ಸಿಗರೇಟಿಗೆ ಹೋದರು.

ತಪ್ಪಿದವೂ ಇವೆ. ಮೀನಾಗಿದ್ದ ಹೆಂಗಸು ಹೊಳೆಯಲ್ಲಿ ಸತ್ತು ತೇಲಿ ಕಣ್ಣು ಬಿಡುತ್ತಾಳೆ ಅನ್ನುವುದರಲ್ಲಿ ಟಲ್ಲಿ ಮನೆಯ ಮಗಳು, ರಾಬ್ ತಾಯಿ ಕೇಟ್ಲಿನ್ ಅಂತ ಹಿಡಿದಳು, ಸಾವು ಹಿಡಿದಳು, ಎದ್ದು ಬರುವುದು ಅವಳಿಗೆ ಹೊಳೆಯಲಿಲ್ಲ. ಅದೇ ಕನ್ಯೆ ಹಿಮದ ಕೋಟೆಯಲ್ಲಿ ರಾಕ್ಷಸನನ್ನು ಕೊಲ್ಲುವ ಕನಸಿಗೆ ಸಾನ್ಸಾ ಗೊಂಬೆಯ ತಲೆ ಕಿತ್ತದ್ದು ಸಾಕೋ, ಅವಳನ್ನು ಬಳಸಿಕೊಳ್ಳುವ ಕುತಂತ್ರಿ ಲಿಟ್ಲ್‌ಫಿಂಗರ್ ಸಾಯಬೇಕೋ ಅಂತ ಗುಂಪಿನಲ್ಲೇ ಒಂದು ಸಂಜೆ ಪೂರ್ತಿ ಜಗಳ. ಅರ್ಧ ಅಂಕ ಕೊಟ್ಟರು. ಒಟ್ಟು ಹತ್ತು ಹನ್ನೆರಡರಲ್ಲಿ ಏಳೂವರೆಯೋ ಎಂಟೋ ಬಂತು. ಪುಸ್ತಕ ಮಾತ್ರ ಇನ್ನೂ ಬಂದಿಲ್ಲ, ‘ಆಫರ್ ಬರಲಿ ತಡೀರಿ’ ಅನ್ನುತ್ತಿದ್ದಾರೆ.

ಈಗ ಬಾಕಿ ಕಾರ್ಡುಗಳ ಮೇಲೆ ಕೂತಿದ್ದೇನೆ. ಟಿವಿಯವರನ್ನು ಉತ್ತರ ಪತ್ರಿಕೆ ಅಂತ ನಾನು ಒಪ್ಪುವುದಿಲ್ಲ. ಸೆರ್ಸಿಗೆ ಭವಿಷ್ಯ ನುಡಿದ ಮುದುಕಿ ಮ್ಯಾಗಿಯ ಕತ್ತು ಹಿಸುಕುವ ಮಾತನ್ನೇ ಅವರು ಬಿಟ್ಟುಬಿಟ್ಟರು, ಸೆರ್ಸಿ ಮೇಲೆ ಇಟ್ಟಿಗೆ ಬೀಳಿಸಿದರು. ಮುಖವಾಡದ ಮಾಂತ್ರಿಕಳು ಕ್ವೇಯ್ಥ್ ಡೆನೇರಿಸ್‌ಗೆ ಹೇಳಿದ ಬಿಳಿಚಿದ ಕುದುರೆ ಡೆನೇರಿಸ್ ಆಳುವ ಮೀರೀನ್‌ನಲ್ಲಿ ಭೇದಿ ರೋಗವಾಗಿ ಬಂದೇಬಿಟ್ಟಿತು. ಕ್ವೇಯ್ಥ್‌ಳೇ ಎಚ್ಚರಿಸಿದ ಸುಗಂಧದ ಕಾರುಭಾರಿ ಮಾತ್ರ ಬಾಕಿ. ಡೆನೇರಿಸ್‌ಗೆ ತನ್ನ ಕಾರುಭಾರಿ ರೆಜ್ನಾಕ್ ಮೇಲೆ ಗುಮಾನಿ, ಅವನು ಮೈತುಂಬ ಅತ್ತರು ಸುರಿದುಕೊಳ್ಳುವವನು. ನನ್ನ ಲೆಕ್ಕ ಟಿರಿಯನ್ ಹತ್ತಿದ ಹಡಗು ಸೆಲೆಸೋರಿ ಕ್ವೋರಾನ್ ಕಡೆ, ಆ ಹೆಸರಿನ ಅರ್ಥವೇ ಸುಗಂಧದ ಕಾರುಭಾರಿ. ಚಿತ್ರ ಮನುಷ್ಯನಂತೆ ಕಂಡರೂ ಕೊನೆಗೆ ಸಿಗುವುದು ವಸ್ತುವೇ ಅನ್ನುವುದು ಇಲ್ಲೂ ನಡೆಯುತ್ತದೆ ಅಂತ ನನ್ನ ನಂಬಿಕೆ. ಸೆರ್ಸಿಯ ಕಾರ್ಡಿನಲ್ಲಿ ನಾನು ಬರೆದಿರುವ ಹೆಸರು ಟಿರಿಯನ್ ಅಲ್ಲ, ಜೇಮಿಯೂ ಅಲ್ಲ. ಅದನ್ನು ಕವರ್‌ಗೆ ಹಾಕಿ ಅಕ್ಕನ ಮಗಳ ಕೈಗೆ ಕೊಟ್ಟಾಗಿದೆ. ಅವಳು ಐದನೇ ಪುಸ್ತಕದ ಮೊದಲ ಭಾಗದಲ್ಲಿದ್ದಾಳೆ, ಎರಡನೆಯದು ನನ್ನ ಬೀರುವಿನಲ್ಲಿದೆ. ಈ ಸಲ ಪಂದ್ಯ ಕಟ್ಟುವವರು ದಯವಿಟ್ಟು ದುಡ್ಡು ಮುಂಚೆಯೇ ಕೊಡಿ.